ಮರಕನಾಸೊ

ಮರಕನಾಸೊ ಎಂಬುದು 1950ರ ಫಿಫಾ ವಿಶ್ವಕಪ್ ಫುಟ್‌ಬಾಲ್ ಪಂದ್ಯಾವಳಿಯ ನಿರ್ಣಾಯಕ ಪಂದ್ಯದಲ್ಲಿ ಆತಿಥೇಯ ಬ್ರೆಜಿಲ್ ತಂಡವು ಉರುಗ್ವೆ ಎದುರು 1–2 ಗೋಲುಗಳಿಂದ ಅನುಭವಿಸಿದ ಸೋಲಿಗೆ ಬಂದ ಹೆಸರು. ಈ ಪಂದ್ಯವು 1950ರ ಜುಲೈ 16ರಂದು ರಿಯೊ ಡಿ ಜನೈರೊ ನಗರದ ಮರಕಾನ ಕ್ರೀಡಾಂಗಣದಲ್ಲಿ ನಡೆಯಿತು. ಕ್ರೀಡಾಂಗಣದ ಹೆಸರಿನಿಂದಲೇ ಈ ಪದವು ಹುಟ್ಟಿದೆ.

ಹಿನ್ನೆಲೆ

ಆ ವರ್ಷ ಪ್ರತ್ಯೇಕ ಫೈನಲ್ ಪಂದ್ಯವಿರಲಿಲ್ಲ. ನಾಲ್ಕು ತಂಡಗಳ ಅಂತಿಮ ಸುತ್ತಿನಲ್ಲಿ ಅತಿ ಹೆಚ್ಚು ಅಂಕ ಗಳಿಸಿದ ತಂಡಕ್ಕೆ ಪ್ರಶಸ್ತಿ ಸಲ್ಲುತ್ತಿತ್ತು. ಈ ಸುತ್ತಿನಲ್ಲಿ ಸ್ವೀಡನ್ ತಂಡವನ್ನು 7–1ರಿಂದಲೂ ಸ್ಪೇನ್ ತಂಡವನ್ನು 6–1ರಿಂದಲೂ ಮಣಿಸಿದ್ದ ಬ್ರೆಜಿಲ್‌ಗೆ ಕೊನೆಯ ಪಂದ್ಯವು ಡ್ರಾ ಆದರೂ ಸಾಕಿತ್ತು. ಆದುದರಿಂದ ಅಭಿಮಾನಿಗಳು ಗೆಲುವು ನಿಶ್ಚಿತವೆಂದೇ ಭಾವಿಸಿದ್ದರು.

ಪಂದ್ಯ ಮತ್ತು ಪ್ರೇಕ್ಷಕರು

ಟಿಕೆಟ್ ಪಡೆದು ಬಂದ ಪ್ರೇಕ್ಷಕರ ಅಧಿಕೃತ ಸಂಖ್ಯೆ 1,73,850. ದ್ವಿತೀಯಾರ್ಧದ ಆರಂಭದಲ್ಲಿ ಫ್ರಿಯಾಸಾ ಬ್ರೆಜಿಲ್‌ಗೆ ಮುನ್ನಡೆ ತಂದಿತ್ತರು. 66ನೇ ನಿಮಿಷದಲ್ಲಿ ಸ್ಕಿಯಾಫಿನೊ ಗೋಲುಗಳನ್ನು ಸಮಗೊಳಿಸಿದರು. 79ನೇ ನಿಮಿಷದಲ್ಲಿ ಗಿಗಿಯಾ ಗೆಲುವಿನ ಗೋಲು ಹೊಡೆದರು. ಅಲ್ಲಿಯವರೆಗೆ ಭೋರ್ಗರೆಯುತ್ತಿದ್ದ ಕ್ರೀಡಾಂಗಣವನ್ನು ಗಾಢ ಮೌನ ಆವರಿಸಿತು. ಪಂದ್ಯ ಮುಗಿದಾಗ ಅನೇಕರು ಕಣ್ಣೀರಿಟ್ಟರು. ಫಿಫಾ ಅಧ್ಯಕ್ಷ ಜೂಲ್ಸ್ ರಿಮೆ ಅವರು ಯಾವುದೇ ಸಮಾರಂಭವಿಲ್ಲದೆ, ಗೊಂದಲದ ನಡುವೆಯೇ ಉರುಗ್ವೆಯ ನಾಯಕ ಒಬ್ದುಲಿಯೊ ವರೇಲಾ ಅವರಿಗೆ ಕಪ್ ಹಸ್ತಾಂತರಿಸಿದರು.

ಪರಿಣಾಮಗಳು

ಸೋಲಿನ ಹೊಣೆಯನ್ನು ಜನರು ಮುಖ್ಯವಾಗಿ ಗೋಲ್‌ಕೀಪರ್ ಬರ್ಬೋಸಾ ಅವರ ಮೇಲೆ ಹೊರಿಸಿದರು. 2000ರಲ್ಲಿ ನಿಧನರಾಗುವವರೆಗೂ ಅವರು ಈ ಕಳಂಕದಿಂದ ಮುಕ್ತರಾಗಲಿಲ್ಲ. ಅಂದು ತಂಡವು ಧರಿಸಿದ್ದ ಬಿಳಿ ಅಂಗಿಯನ್ನು ಕೈಬಿಟ್ಟು, ಸ್ಪರ್ಧೆಯೊಂದರ ಮೂಲಕ ಇಂದಿನ ಹಳದಿ ಅಂಗಿಯನ್ನು ಆರಿಸಲಾಯಿತು. ಸೋಲಿನ ಸುದ್ದಿ ಕೇಳಿ ಅತ್ತ ತಂದೆಗೆ, ತಾನು ವಿಶ್ವಕಪ್ ಗೆದ್ದು ತರುವೆನೆಂದು ಒಂಬತ್ತು ವರ್ಷದ ಪೆಲೆ ಮಾತು ಕೊಟ್ಟಿದ್ದರು. 1958ರಲ್ಲಿ ಬ್ರೆಜಿಲ್ ಮೊದಲ ಬಾರಿಗೆ ವಿಶ್ವಕಪ್ ಗೆದ್ದಾಗ ಆ ಮಾತು ನಿಜವಾಯಿತು.