ಮರುಭೂಮಿಯ ಸಾಂಪ್ರದಾಯಿಕ ಮನೆಗಳು ಮತ್ತು ಸುಸ್ಥಿರ ಗೃಹ ವಿನ್ಯಾಸ: ಮನೆ ಕಟ್ಟುವವರಿಗೆ ಮಾಹಿತಿ

ಸಾಮಾನ್ಯ ಕುಟುಂಬವೊಂದು ಜೀವಮಾನದಲ್ಲಿ ಒಂದೇ ಬಾರಿ ಮನೆ ಕಟ್ಟುತ್ತದೆ. ನಕ್ಷೆಗೆ ಅನುಮೋದನೆ ದೊರೆತು ಗೋಡೆಗಳು ಮೇಲೆದ್ದ ನಂತರ ಮನೆಯ ದಿಕ್ಕನ್ನಾಗಲಿ, ಗೋಡೆಯ ದಪ್ಪವನ್ನಾಗಲಿ ಬದಲಾಯಿಸಲು ಸಾಧ್ಯವಾಗುವುದಿಲ್ಲ. ಬೇಸಿಗೆಯಲ್ಲಿ ಕಾಯುವ ಮನೆಯನ್ನು ಕಟ್ಟಿದಲ್ಲಿ ಅದರ ವೆಚ್ಚವನ್ನು ವಿದ್ಯುತ್ ಬಿಲ್ಲಿನ ರೂಪದಲ್ಲಿ ವರ್ಷವರ್ಷವೂ ಭರಿಸಬೇಕಾಗುತ್ತದೆ. ವಿದ್ಯುತ್ ಇಲ್ಲದ ಕಾಲದಲ್ಲಿಯೇ ಮರುಭೂಮಿಯ ಜನರು ಬಿಸಿಲನ್ನು ತಡೆಯುವ ಮನೆಗಳನ್ನು ಕಟ್ಟಿದ್ದರು. ಅವುಗಳ ತತ್ವಗಳನ್ನು ಹಾಗೂ ಮಿತಿಗಳನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

1. ಜೈಸಲ್ಮೇರಿನ ಮನೆಗಳ ರಚನೆ

ರಾಜಸ್ಥಾನದ ಥಾರ್ ಮರುಭೂಮಿಯಲ್ಲಿರುವ ಜೈಸಲ್ಮೇರ್ ನಗರವು 1156ರಲ್ಲಿ ಸ್ಥಾಪನೆಯಾಯಿತು. ಇಲ್ಲಿನ ಹಳೆಯ ಮನೆಗಳನ್ನು ಹಳದಿ ಮರಳುಗಲ್ಲಿನಿಂದ ದಪ್ಪ ಗೋಡೆಗಳಿರುವಂತೆ ಕಟ್ಟಲಾಗಿದೆ. ಬೀದಿಗಳು ಕಿರಿದಾಗಿದ್ದು, ಮನೆಗಳು ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಒಂದರ ನೆರಳು ಮತ್ತೊಂದರ ಮೇಲೆ ಬೀಳುತ್ತದೆ. ಮುಂದಕ್ಕೆ ಚಾಚಿದ ಝರೋಖಾಗಳು ಕೆಳಗಿನ ಗೋಡೆಗೆ ನೆರಳು ನೀಡುತ್ತವೆ. ಕಲ್ಲಿನ ಜಾಲಂಧ್ರಗಳು ಗಾಳಿಯನ್ನು ಒಳಗೆ ಬಿಟ್ಟು ಬಿಸಿಲನ್ನು ತಡೆಯುತ್ತವೆ. ಮನೆಯ ನಡುವೆ ತೆರೆದ ಅಂಗಳವಿರುತ್ತದೆ. ಚಾವಣಿಯ ಮೇಲೆ ದಪ್ಪನಾದ ಮಣ್ಣಿನ ಪದರವನ್ನು ಹಾಕುವುದು ರೂಢಿಯಲ್ಲಿತ್ತು.

ಉತ್ತರ ಕರ್ನಾಟಕದ ಮಣ್ಣಿನ ಮಾಳಿಗೆಯ ಮನೆಗಳಲ್ಲಿಯೂ ದಪ್ಪ ಗೋಡೆ, ಸಣ್ಣ ಕಿಟಕಿ, ಮಾಳಿಗೆಯ ಬೆಳಕಿಂಡಿ ಹಾಗೂ ತಂಪಾದ ಪಡಸಾಲೆ ಇರುವುದನ್ನು ಗಮನಿಸಬಹುದು. ಆದ್ದರಿಂದ ಈ ತತ್ವಗಳು ನಾಡಿಗೆ ಹೊಸತಲ್ಲ.

2. ದಪ್ಪ ಗೋಡೆಯ ಕಾರ್ಯವಿಧಾನ

ದಪ್ಪ ಗೋಡೆಯು ಶಾಖವನ್ನು ಇಲ್ಲವಾಗಿಸುವುದಿಲ್ಲ, ಅದರ ಪ್ರವೇಶವನ್ನು ವಿಳಂಬಗೊಳಿಸುತ್ತದೆ. ಹಗಲಿನಲ್ಲಿ ಹೀರಿಕೊಂಡ ಶಾಖವು ಒಳಮೈಗೆ ತಲುಪುವ ವೇಳೆಗೆ ಹೊರಗೆ ರಾತ್ರಿಯಾಗಿ ಗಾಳಿ ತಂಪಾಗಿರುತ್ತದೆ. ಆಗ ಕಿಟಕಿಗಳನ್ನು ತೆರೆದಿಟ್ಟರೆ ಗೋಡೆಯು ಮರುದಿನಕ್ಕೆ ತಣಿದಿರುತ್ತದೆ. ಹಗಲು ಮುಚ್ಚುವುದು, ರಾತ್ರಿ ತೆರೆಯುವುದು ಈ ಮನೆಗಳ ಮುಖ್ಯ ನಿಯಮ. ರಾತ್ರಿ ಕಿಟಕಿ ತೆರೆಯಲಾಗದ ಮನೆಯಲ್ಲಿ ದಪ್ಪ ಗೋಡೆಯಿಂದ ಸೆಕೆಯೇ ಹೆಚ್ಚಾಗಬಹುದು. ಹಿಂದಿನವರು ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಮಲಗುತ್ತಿದ್ದುದಕ್ಕೆ ಇದೇ ಕಾರಣ.

3. ಎಲ್ಲಿ ಸೂಕ್ತ, ಎಲ್ಲಿ ಸೂಕ್ತವಲ್ಲ

ಈ ವಿಧಾನವು ಒಣ ಹವೆ ಇರುವ, ಹಗಲು ಮತ್ತು ರಾತ್ರಿಯ ತಾಪಮಾನದಲ್ಲಿ ಹೆಚ್ಚಿನ ಅಂತರವಿರುವ ಪ್ರದೇಶಗಳಿಗೆ ಸೂಕ್ತವಾಗಿರುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ಮೀರುವ ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳಿಗೆ ಇದು ಹೊಂದುತ್ತದೆ. ಕರಾವಳಿಯಲ್ಲಿ ರಾತ್ರಿಯೂ ಗಾಳಿ ತೇವವಾಗಿದ್ದು ಹೆಚ್ಚು ತಣಿಯುವುದಿಲ್ಲ. ಅಲ್ಲಿಗೆ ಇಳಿಜಾರು ಚಾವಣಿ, ಅಗಲವಾದ ಸೂರು ಮತ್ತು ಗಾಳಿಗೆ ಎದುರಾದ ಕಿಟಕಿಗಳೇ ಯೋಗ್ಯ.

4. ಜಾಗದ ಲೆಕ್ಕ

ದಪ್ಪ ಗೋಡೆಗೆ ಹಣದ ಜೊತೆಗೆ ಜಾಗವೂ ಬೇಕು. ಹೊರ ಅಳತೆ 10 ಮೀಟರ್ ಮತ್ತು 7.5 ಮೀಟರ್ ಇರುವ ಮನೆಯ ಹೊರಗೋಡೆಗಳ ಒಟ್ಟು ಉದ್ದ 35 ಮೀಟರ್. ಗೋಡೆಯ ದಪ್ಪವನ್ನು 23 ಸೆಂಟಿಮೀಟರಿನಿಂದ 45 ಸೆಂಟಿಮೀಟರಿಗೆ ಹೆಚ್ಚಿಸಿದಲ್ಲಿ ಒಳಗಿನ ಸುಮಾರು 7.1 ಚದರ ಮೀಟರ್ ಜಾಗ ಕಡಿಮೆಯಾಗುತ್ತದೆ. ಇದು ಒಂದು ಸಣ್ಣ ಕೋಣೆಗೆ ಸಮ. ಬೇಸಿಗೆಯಲ್ಲಿ ಪೂರ್ವ ಮತ್ತು ಪಶ್ಚಿಮದ ಗೋಡೆಗಳ ಮೇಲೆ ಬಿಸಿಲು ಹೆಚ್ಚು ಬೀಳುತ್ತದೆ. ಮನೆಯ ಉದ್ದನೆಯ ಬದಿಗಳನ್ನು ಉತ್ತರ ಮತ್ತು ದಕ್ಷಿಣಕ್ಕೆ ಇರಿಸಿ, ಪೂರ್ವ, ಪಶ್ಚಿಮದ ಗೋಡೆಗಳನ್ನು ಮಾತ್ರ ದಪ್ಪವಾಗಿಸಿದಲ್ಲಿ ಕಡಿಮೆಯಾಗುವ ಜಾಗ ಸುಮಾರು 3.1 ಚದರ ಮೀಟರ್ ಮಾತ್ರ. ಸಣ್ಣ ನಿವೇಶನದವರಿಗೆ ಇದು ಅನುಕೂಲಕರ.

ಗೋಡೆಗಿಂತಲೂ ಹೆಚ್ಚು ಬಿಸಿಲು ಬೀಳುವುದು ಚಾವಣಿಯ ಮೇಲೆ. ಮಾಳಿಗೆಗೆ ಸುಣ್ಣದ ಬಿಳಿ ಲೇಪನ ಮಾಡುವುದು ಅತಿ ಕಡಿಮೆ ವೆಚ್ಚದ ಉಪಾಯವಾಗಿದ್ದು, ಈಗಾಗಲೇ ಕಟ್ಟಿರುವ ಮನೆಗೂ ಅನ್ವಯಿಸುತ್ತದೆ.

5. ಮಳೆನೀರಿನ ಸಂಗ್ರಹಣೆ

ಥಾರ್ ಪ್ರದೇಶದಲ್ಲಿ ಮಳೆನೀರನ್ನು ಟಾಂಕಾ ಎಂಬ ನೆಲದೊಳಗಿನ ತೊಟ್ಟಿಗಳಲ್ಲಿ ಕೂಡಿಡುವ ಪದ್ಧತಿ ಇದೆ. 1 ಚದರ ಮೀಟರ್ ಮಾಳಿಗೆಯ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು ದೊರೆಯುತ್ತದೆ. ಮೇಲಿನ ಅಳತೆಯ ಮನೆಯ ಮಾಳಿಗೆ 75 ಚದರ ಮೀಟರ್. ವರ್ಷಕ್ಕೆ 600 ಮಿಲಿಮೀಟರ್ ಮಳೆಯಾಗಿ, ಐದರಲ್ಲಿ ಒಂದು ಪಾಲು ನಷ್ಟವಾದರೂ 36,000 ಲೀಟರ್ ನೀರು ಲಭ್ಯ. ನಾಲ್ವರ ಕುಟುಂಬಕ್ಕೆ ಕುಡಿಯಲು ಮತ್ತು ಅಡುಗೆಗೆ ತಲಾ ದಿನಕ್ಕೆ 5 ಲೀಟರಿನಂತೆ ವರ್ಷಕ್ಕೆ 7,300 ಲೀಟರ್ ಸಾಕು. 2 ಮೀಟರ್ ಉದ್ದ, ಅಗಲ ಮತ್ತು ಆಳದ ತೊಟ್ಟಿಯಲ್ಲಿ 8,000 ಲೀಟರ್ ಹಿಡಿಯುತ್ತದೆ. ಮೊದಲ ಮಳೆಯ ನೀರನ್ನು ಹೊರಬಿಡುವುದು, ತೊಟ್ಟಿಯನ್ನು ಭದ್ರವಾಗಿ ಮುಚ್ಚುವುದು ಮತ್ತು ಕುಡಿಯುವ ನೀರನ್ನು ಸೋಸಿ ಕುದಿಸುವುದು ಅವಶ್ಯ.

6. ಕಟ್ಟಡ ಸಾಮಗ್ರಿ

ಮಣ್ಣಿಗೆ ಸ್ವಲ್ಪ ಸಿಮೆಂಟ್ ಸೇರಿಸಿ ಯಂತ್ರದಲ್ಲಿ ಒತ್ತಿ ತಯಾರಿಸುವ ಇಟ್ಟಿಗೆಗಳನ್ನು ಸುಡುವ ಅಗತ್ಯವಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರವು ಈ ಬಗ್ಗೆ ಮಹತ್ವದ ಸಂಶೋಧನೆ ನಡೆಸಿದೆ. ಮರಳಿನ ಅಂಶವಿರುವ ಕೆಂಪು ಮಣ್ಣು ಇದಕ್ಕೆ ಉತ್ತಮ. ಎರೆಮಣ್ಣು ನೆನೆದಾಗ ಉಬ್ಬಿ, ಒಣಗಿದಾಗ ಕುಗ್ಗುವುದರಿಂದ ಅದನ್ನು ನೇರವಾಗಿ ಬಳಸುವುದು ಸೂಕ್ತವಲ್ಲ. ಎರೆಭೂಮಿಯ ನಿವೇಶನದಲ್ಲಿ ಭಾರವಾದ ಗೋಡೆ ಕಟ್ಟುವ ಮುನ್ನ ತಳಪಾಯದ ಬಗ್ಗೆ ಇಂಜಿನಿಯರರ ಸಲಹೆ ಪಡೆಯತಕ್ಕದ್ದು.

7. ನಕ್ಷೆ ಸಲ್ಲಿಸುವ ಮುನ್ನ ಪರಿಶೀಲಿಸಬೇಕಾದ ಅಂಶಗಳು

ಅ) ಮಲಗುವ ಕೋಣೆಯ ಗೋಡೆಯ ಮೇಲೆ ಪಶ್ಚಿಮದ ಬಿಸಿಲು ಬೀಳುತ್ತದೆಯೇ?
ಆ) ರಾತ್ರಿ ಸುರಕ್ಷಿತವಾಗಿ ತೆರೆದಿಡಬಹುದಾದ, ಸರಳು ಮತ್ತು ಸೊಳ್ಳೆ ಪರದೆ ಇರುವ ಕಿಟಕಿಗಳನ್ನು ಎದುರುಬದುರಾಗಿ ತೋರಿಸಲಾಗಿದೆಯೇ?
ಇ) ಅಂಗಳವಿದ್ದಲ್ಲಿ ಮಳೆನೀರು ಹರಿದುಹೋಗಲು ದಾರಿ ಇದೆಯೇ?
ಈ) ನಿಯಮಾನುಸಾರ ಮನೆಯ ಸುತ್ತ ಜಾಗ ಬಿಡುವುದರಿಂದ ಜೈಸಲ್ಮೇರಿನಂತೆ ನೆರೆಮನೆಯ ನೆರಳು ದೊರೆಯದು. ಅದಕ್ಕೆ ಬದಲಾಗಿ ಸಜ್ಜಾ ಅಥವಾ ಮರಗಳಿಗೆ ಅವಕಾಶವಿದೆಯೇ?
ಉ) ತೊಟ್ಟಿಯ ಸ್ಥಳವನ್ನು ಶೌಚಗುಂಡಿಯಿಂದ ದೂರದಲ್ಲಿ ಗುರುತಿಸಲಾಗಿದೆಯೇ?

ಈ ಅಂಶಗಳನ್ನು ಕಾಗದದ ಮೇಲೆ ತಿದ್ದಿಕೊಳ್ಳಲು ತಗಲುವ ವೆಚ್ಚ ಅತ್ಯಲ್ಪ. ಗೋಡೆ ಕಟ್ಟಿದ ಮೇಲೆ ತಿದ್ದುವುದು ದುಬಾರಿ. ಆದ್ದರಿಂದ ಮನೆ ಕಟ್ಟಲಿಚ್ಛಿಸುವವರು ನಕ್ಷೆಗೆ ಸಹಿ ಮಾಡುವ ಮುನ್ನವೇ ಕುಟುಂಬದ ಸದಸ್ಯರೊಂದಿಗೆ, ವಿಶೇಷವಾಗಿ ಹಗಲಿನ ಹೆಚ್ಚಿನ ಸಮಯವನ್ನು ಮನೆಯಲ್ಲಿ ಕಳೆಯುವ ವೃದ್ಧರು ಮತ್ತು ಮಹಿಳೆಯರೊಂದಿಗೆ, ಚರ್ಚಿಸಿ ತೀರ್ಮಾನಿಸುವುದು ಒಳಿತು.