ಮರೆವಿನೊಡನೆ ಬದುಕುವವರು ಮತ್ತು ಸಂಶೋಧಕನ ಹೊಣೆ

ಹೊರನಾಡ ಕನ್ನಡಿಗರ ಮೌಖಿಕ ಪರಂಪರೆಯನ್ನು ದಾಖಲಿಸುವ ಕ್ಷೇತ್ರಕಾರ್ಯದಲ್ಲಿ ನಮಗೆ ದೊರೆಯುವ ವಕ್ತೃಗಳಲ್ಲಿ ಬಹುಮಂದಿ ವೃದ್ಧರು. ಅವರಲ್ಲಿ ಕೆಲವರು ಡಿಮೆನ್ಷಿಯಾದೊಡನೆ, ಅಂದರೆ ಸ್ಮೃತಿ, ಭಾಷೆ, ವಿವೇಚನೆಗಳು ಕ್ರಮೇಣ ಕುಗ್ಗುವ ಸ್ಥಿತಿಯೊಡನೆ ಬದುಕುತ್ತಿರುತ್ತಾರೆ. 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನವೊಂದು ಭಾರತದಲ್ಲಿ ಅರವತ್ತು ದಾಟಿದವರ ಪೈಕಿ ಶೇ. 7.4ರಷ್ಟು, ಎಂದರೆ ಸುಮಾರು 88 ಲಕ್ಷ ಜನ, ಈ ಸ್ಥಿತಿಯಲ್ಲಿದ್ದಾರೆಂದು ಅಂದಾಜಿಸಿದೆ. 'ಅರವತ್ತಕ್ಕೆ ಅರಳುಮರಳು' ಎಂಬ ನಮ್ಮ ನಾಣ್ಣುಡಿ ಇದನ್ನು ವಯೋಸಹಜವೆಂದು ಬಗೆಯುತ್ತದೆ. ವೈದ್ಯಶಾಸ್ತ್ರ ಹಾಗೆ ಒಪ್ಪುವುದಿಲ್ಲ. ಇಂಥವರ ನಡುವೆ ಸಂಶೋಧನೆ ನಡೆಸುವಾಗ ಪಾಲಿಸಬೇಕಾದ ನೀತಿಯನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲನೆಯದು ಸಮ್ಮತಿಯ ಪ್ರಶ್ನೆ. 1947ರ ನ್ಯೂರೆಂಬರ್ಗ್ ಸಂಹಿತೆಯು ವ್ಯಕ್ತಿಯ ಸ್ವಯಂಪ್ರೇರಿತ ಸಮ್ಮತಿ ಅನಿವಾರ್ಯವೆಂದು ಸಾರಿತು. ಇದನ್ನು ಅಕ್ಷರಶಃ ಗ್ರಹಿಸಿದರೆ ಸಮ್ಮತಿ ನೀಡಲಾರದವರನ್ನು ಅಧ್ಯಯನದಿಂದಲೇ ಹೊರಗಿಡಬೇಕಾಗುತ್ತದೆ. ಆಗ ಅವರ ಅನುಭವವೂ ಜ್ಞಾನದ ಪರಿಧಿಯಿಂದ ಹೊರಗುಳಿಯುತ್ತದೆ. 1964ರ ಹೆಲ್ಸಿಂಕಿ ಘೋಷಣೆಯು ಅಂಥವರ ಪರವಾಗಿ ಕಾನೂನುಬದ್ಧ ಪಾಲಕರು ಒಪ್ಪಿಗೆ ನೀಡುವುದಕ್ಕೆ ಅವಕಾಶ ಕಲ್ಪಿಸಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯೂ ಪ್ರತಿನಿಧಿಯ ಒಪ್ಪಿಗೆಗೆ ಎಡೆಗೊಡುತ್ತದೆ. ಇವು ಮುಖ್ಯವಾಗಿ ವೈದ್ಯಕೀಯ ಸಂಶೋಧನೆಗೆಂದು ರಚಿತವಾದರೂ ಇವುಗಳ ತತ್ತ್ವ ನಮಗೂ ಅನ್ವಯಿಸತಕ್ಕದ್ದು.

ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ರೋಗನಿರ್ಣಯವೊಂದೇ ಅಸಾಮರ್ಥ್ಯಕ್ಕೆ ಪ್ರಮಾಣವಾಗದು. ಇಂಗ್ಲೆಂಡಿನ 2005ರ ಮಾನಸಿಕ ಸಾಮರ್ಥ್ಯ ಕಾಯಿದೆಯು, ಅನ್ಯಥಾ ಸಿದ್ಧವಾಗುವವರೆಗೆ, ವ್ಯಕ್ತಿಯನ್ನು ಸಮರ್ಥನೆಂದೇ ಪರಿಗಣಿಸಬೇಕೆನ್ನುತ್ತದೆ. ವಿಷಯವನ್ನು ತಿಳಿಯುವುದು, ಕೆಲಹೊತ್ತು ನೆನಪಿನಲ್ಲಿಡುವುದು, ತೂಗಿ ನೋಡುವುದು, ನಿರ್ಧಾರವನ್ನು ತಿಳಿಸುವುದು ಇವೇ ಅದರ ಒರೆಗಲ್ಲುಗಳು. ಬೆಳಗ್ಗೆ ಇದ್ದ ಸ್ಪಷ್ಟತೆ ಸಂಜೆಗೆ ಇಲ್ಲದಿರಬಹುದು. ಆದ್ದರಿಂದ ಆಯಾ ನಿರ್ಧಾರಕ್ಕೆ, ಆಯಾ ಹೊತ್ತಿಗೆ ತಕ್ಕಂತೆ ಸಾಮರ್ಥ್ಯವನ್ನು ಅರಿಯಬೇಕು. ಎರಡನೆಯದಾಗಿ, ಪ್ರತಿನಿಧಿಯ ರುಜುವಿನಿಂದ ಆ ವ್ಯಕ್ತಿಯ ಇಚ್ಛೆ ಇಲ್ಲವಾಗುವುದಿಲ್ಲ.

ಈ ಎರಡನೆಯ ಮಾತನ್ನು ನಾನು ತಡವಾಗಿ ಕಲಿತೆ. ಮುಂಬಯಿಯಲ್ಲಿ ವೃದ್ಧೆಯೊಬ್ಬರ ಬೀಸುವ ಪದಗಳನ್ನು ಧ್ವನಿಮುದ್ರಿಸುತ್ತಿದ್ದೆ. ಒಪ್ಪಿಗೆಪತ್ರಕ್ಕೆ ಮಗ ರುಜು ಹಾಕಿದ್ದರು. ಮೂರನೆಯ ದಿನ ಆಕೆ ಪದವನ್ನು ನಡುವೆ ನಿಲ್ಲಿಸಿ, ಮುಖ ತಿರುಗಿಸಿ, "ಸಾಕಪ್ಪಾ" ಎಂದರು. "ಇನ್ನೆರಡು ನುಡಿ ಅಮ್ಮಾ" ಎಂದು ನಾನು ಒತ್ತಾಯಿಸಿದೆ. ಹಾಡಿದರು, ಆದರೆ ಆ ದನಿಯಲ್ಲಿ ಅಂಜಿಕೆಯಿತ್ತು. ಆ ದಿನದ ಮುದ್ರಣವನ್ನು ನಾನು ಎಲ್ಲಿಯೂ ಬಳಸಿಲ್ಲ.

ಆದಕಾರಣ ಸಮ್ಮತಿಯನ್ನು ಒಮ್ಮೆ ಪಡೆದು ಮುಗಿಸುವ ವಿಧಿಯೆಂದು ಭಾವಿಸಲಾಗದು. ಪ್ರತಿ ಭೇಟಿಯಲ್ಲಿಯೂ ಹೊಸದಾಗಿ ಪರಿಚಯ ಹೇಳಿಕೊಳ್ಳಬೇಕು, ಹೊಸದಾಗಿ ಕೇಳಬೇಕು. ಮುಖ ತಿರುಗಿಸುವುದು, ಕೈ ಹೊಸೆಯುವುದು, ಎದ್ದು ಹೋಗಲೆಳಸುವುದು ಇವೂ ನಿರಾಕರಣೆಯಾಗಿರಬಹುದೆಂದು ತಿಳಿದು ನಿಲ್ಲಿಸಬೇಕು. ಪರಿಚಿತ ಕೋಣೆ, ತಾಯ್ನುಡಿ, ಅಲ್ಪಾವಧಿಯ ಮಾತುಕತೆ ಹಿತಕರ. "ನೆನಪಿದೆಯೆ?" ಎಂದು ಪರೀಕ್ಷಿಸುವ ಪ್ರಶ್ನೆ ಸಲ್ಲದು. ಜೀವಮಾನವೆಲ್ಲ ಕಾಯ್ದುಕೊಂಡ ಮನೆಯ ಗುಟ್ಟು ಈ ಸ್ಥಿತಿಯಲ್ಲಿ ಹೊರಬೀಳಬಹುದು. ಅದು ನಮ್ಮ ಸಾಮಗ್ರಿಯಲ್ಲ.

ಗ್ರಂಥಸಂಪಾದಕನು ತ್ರುಟಿತ ತಾಳೆಗರಿಯಲ್ಲಿ ಲುಪ್ತವಾದ ಅಕ್ಷರಗಳನ್ನು ಊಹಿಸಿ ತುಂಬಬಹುದು, ಗರಿ ಬೇಡವೆನ್ನುವುದಿಲ್ಲ. ಮನುಷ್ಯರು ಬೇಡವೆನ್ನಬಲ್ಲರು. ಅವರು ಬಿಟ್ಟ ಎಡೆಯನ್ನು ನಮ್ಮ ಊಹೆಯಿಂದಾಗಲಿ ಒತ್ತಾಯದಿಂದಾಗಲಿ ತುಂಬುವ ಅಧಿಕಾರ ಸಂಶೋಧಕನಿಗಿಲ್ಲ.