ತಟ್ಟೆ ಇಡ್ಲಿಯೂ ರೆಪೋ ದರವೂ

ಕ್ಯಾತ್ಸಂದ್ರದ ತಟ್ಟೆ ಇಡ್ಲಿಯ ರುಚಿ ಹತ್ತಿದವರು ಆ ದಾರಿಯಲ್ಲಿ ಇಳಿಯದೆ ಹೋಗುವುದು ಕಡಿಮೆ. ಬೆಣ್ಣೆ ಹಾಕಿಸಿಕೊಂಡು ತಿಂದಾದ ಮೇಲೆ, ದುಡ್ಡು ಕೊಡುವಾಗ ಮಾತ್ರ 'ಹೋದ ಸಲ ಇಷ್ಟಿರಲಿಲ್ಲವಲ್ಲ' ಎಂಬ ಗೊಣಗಾಟ.

ಇಡ್ಲಿಯೊಂದೇ ತುಟ್ಟಿಯಾದರೆ ಅದು ಹಣದುಬ್ಬರವಲ್ಲ. ಬಹುಪಾಲು ವಸ್ತು, ಸೇವೆಗಳ ಬೆಲೆ ಏರುತ್ತ ಹೋಗಿ, ಅದೇ ನೂರು ರೂಪಾಯಿಗೆ ಬರುವ ಸಾಮಾನು ಕಡಿಮೆಯಾದರೆ ಅದು ಹಣದುಬ್ಬರ. ಆದರೂ ಕಾರಣ ತಿಳಿಯಲು ಇಡ್ಲಿಯೇ ಸಾಕು. ಮಳೆ ಕೈಕೊಟ್ಟರೆ ಉದ್ದಿನ ಬೇಳೆ ತುಟ್ಟಿ. ಡೀಸೆಲ್ ಏರಿದರೆ ಲಾರಿ ಬಾಡಿಗೆ ಏರಿ ಅಕ್ಕಿಯೂ ತುಟ್ಟಿ. ಇವು ಪೂರೈಕೆಯ ಕಡೆಯ ಕಾರಣಗಳು. ಜನರ ಕೈಯಲ್ಲಿ ಹಣ ಹೆಚ್ಚಾಗಿ ಸಾಮಾನು ಮೊದಲಿನಷ್ಟೇ ಇದ್ದರೆ, ಅದು ಬೇಡಿಕೆಯ ಒತ್ತಡ. ನಾಳೆ ಬೆಲೆ ಏರೀತೆಂದು ಇಂದೇ ಕೊಂಡಿಡುವವರ ಪಾಲೂ ಸಣ್ಣದಲ್ಲ.

2022ರ ಫೆಬ್ರುವರಿಯಲ್ಲಿ ಉಕ್ರೇನ್ ಯುದ್ಧ ಆರಂಭವಾಯಿತು. ಕಚ್ಚಾ ತೈಲ, ಸೂರ್ಯಕಾಂತಿ ಎಣ್ಣೆ ಎರಡೂ ಏರಿದವು. ಏಪ್ರಿಲ್‌ನಲ್ಲಿ ದೇಶದ ಚಿಲ್ಲರೆ ಹಣದುಬ್ಬರ ಶೇ 7.79 ಮುಟ್ಟಿತು. 2016ರಲ್ಲಿ ತಿದ್ದುಪಡಿಯಾದ ಕಾನೂನಿನಡಿ ರಿಸರ್ವ್ ಬ್ಯಾಂಕಿಗೆ ಗೊತ್ತುಮಾಡಿದ್ದ ಗುರಿ ಶೇ 4. ಹೆಚ್ಚೆಂದರೆ ಶೇ 6.

ಬ್ಯಾಂಕುಗಳು ರಿಸರ್ವ್ ಬ್ಯಾಂಕಿನಿಂದ ಪಡೆಯುವ ಅಲ್ಪಾವಧಿ ಸಾಲದ ಬಡ್ಡಿಯೇ ರೆಪೋ ದರ. ಅದು ಏರಿದರೆ ಬ್ಯಾಂಕುಗಳೂ ಬಡ್ಡಿ ಏರಿಸುತ್ತವೆ. ಸಾಲ ಕೇಳುವವರು ಹಿಂಜರಿಯುತ್ತಾರೆ. ಕೊಳ್ಳುವ ಭರಾಟೆ ತಗ್ಗುತ್ತದೆ. 2022ರ ಮೇ 4ರಂದು, ನಿಗದಿಯಾಗಿರದ ಸಭೆಯೊಂದರ ಬಳಿಕ, ಶೇ 4ರಲ್ಲಿದ್ದ ರೆಪೋ ದರವನ್ನು ಶೇ 4.40ಕ್ಕೆ ಏರಿಸಲಾಯಿತು. 2023ರ ಫೆಬ್ರುವರಿ ಹೊತ್ತಿಗೆ ಅದು ಶೇ 6.50. ಇಳಿಕೆ ಆರಂಭವಾದದ್ದು 2025ರ ಫೆಬ್ರುವರಿಯಲ್ಲಿ.

ಈ ಎರಡೂವರೆ ಅಂಶ ಸಣ್ಣದೇನಲ್ಲ. 20 ವರ್ಷದ ಅವಧಿಗೆ 10 ಲಕ್ಷ ರೂಪಾಯಿ ಮನೆ ಸಾಲ ಮಾಡಿದವರ ಬಡ್ಡಿ ಶೇ 7ರಿಂದ 9.5ಕ್ಕೆ ಏರಿದರೆ, ತಿಂಗಳ ಕಂತು ಸುಮಾರು 7,750 ರೂಪಾಯಿಯಿಂದ 9,320ಕ್ಕೆ ಹೋಗುತ್ತದೆ. ಕಂತು ಏರಿಸದೆ ಬ್ಯಾಂಕು ಅವಧಿಯನ್ನೇ ಬೆಳೆಸುವುದೂ ಉಂಟು. ಮಗಳ ಕಾಲೇಜು ಶುಲ್ಕಕ್ಕೆಂದು ಎತ್ತಿಟ್ಟ ಹಣಕ್ಕೆ ಕೈಹಾಕಬೇಕಾದ ಮನೆಗಳಲ್ಲಿ ರೆಪೋ ದರ ಪಠ್ಯಪುಸ್ತಕದ ಪದವಾಗಿ ಉಳಿಯುವುದಿಲ್ಲ. ಠೇವಣಿಯ ಬಡ್ಡಿಯಲ್ಲೇ ಬದುಕುವ ಅಜ್ಜನಿಗೆ ಮಾತ್ರ ತುಸು ಲಾಭ.

ಬಡ್ಡಿ ಏರಿಸಿದ ಮಾತ್ರಕ್ಕೆ ಹೊಲದಲ್ಲಿ ಉದ್ದು ಬೆಳೆಯದು. 2023ರ ಜುಲೈನಲ್ಲಿ ಟೊಮೆಟೊ ಮತ್ತಿತರ ತರಕಾರಿಗಳ ದೆಸೆಯಿಂದ ಹಣದುಬ್ಬರ ಮತ್ತೆ ಶೇ 7.44ಕ್ಕೆ ಏರಿದಾಗ ರಿಸರ್ವ್ ಬ್ಯಾಂಕ್ ರೆಪೋ ದರ ಮುಟ್ಟಲಿಲ್ಲ. ಅದು ಸರಿಯೆಂದೇ ನನ್ನ ಎಣಿಕೆ. ಹೊಸ ಫಸಲು ಮಾರುಕಟ್ಟೆಗೆ ಬಂತು. ಅಕ್ಟೋಬರಿನಲ್ಲಿ ಹಣದುಬ್ಬರ ಶೇ 5ರೊಳಗೆ ಇಳಿದಿತ್ತು.